ಸೊರಗಿದ ಪಾಮ್ ಗಿಡ: ನೀರು ತಿದ್ದಬೇಕೋ, ಕುಂಡ ಬದಲಿಸಬೇಕೋ?

ಗರಿ ಹಳದಿಯಾದ ಕೂಡಲೇ ಹೊಸ ಕುಂಡ ತರಬೇಡಿ. ಮೊದಲು ಮಣ್ಣಿಗೆ 2 ಇಂಚು ಬೆರಳು ಇಳಿಸಿ. ಅಲ್ಲೂ ಒದ್ದೆ ಇದೆಯಾ? ನೀರು ಜಾಸ್ತಿಯಾಗಿರಬಹುದು. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ, ಮೇಲ್ಮಣ್ಣು ಒಣಗುವವರೆಗೆ ಸುಮ್ನೆ ಬಿಡಿ. ಹೀಗೆ ಮಾಡಿದರೆ ಬೇರಿಗೆ ಪೆಟ್ಟಿಲ್ಲ, ಆದರೆ ಚೇತರಿಕೆ ನಿಧಾನ. ಹಳದಿಯಾದ ಗರಿಯಂತೂ ಮತ್ತೆ ಹಸಿರಾಗುವುದಿಲ್ಲ.

ಕುಂಡ ಬದಲಿಸುವುದು ಅರ್ಧ ಗಂಟೆಯ ಕೆಲಸ. ಆದರೆ ಬೇರು ಕದಲಿದರೆ ಪಾಮ್ ಮುನಿಸಿಕೊಳ್ಳುತ್ತದೆ. ಮಣ್ಣು ಕೊಳೆತ ವಾಸನೆ ಹೊಡೆಯುತ್ತಿದ್ದರೆ ಮಾತ್ರ ತಡ ಮಾಡಬೇಡಿ. ಬೇರು ಹಿಚುಕಿ ನೋಡಿ. ಗಟ್ಟಿ ಇದ್ದರೆ ಜೀವ ಇದೆ. ಸಿಪ್ಪೆ ಜಾರಿ ದಾರದಂಥ ಎಳೆ ಉಳಿದರೆ ಕತ್ತರಿಸಿ, ಹೊಸ ಮಣ್ಣಿಗೆ ಹಾಕಿ. ಕುಂಡ ದೊಡ್ಡದು ಬೇಡ.

ನಾನಾದರೆ ಮೊದಲು ನೀರನ್ನೇ ತಿದ್ದುತ್ತೇನೆ. ಸುಳಿ, ಅಂದರೆ ನಡುವೆ ಇನ್ನೂ ಬಿಚ್ಚದ ಹೊಸ ಗರಿ, ಹಸಿರಿದ್ದರೆ ಕಾಯಬಹುದು ಅಲ್ವಾ? ಎಳೆದಾಗ ಸುಳಿ ಕೈಗೇ ಬಂದರೆ ಆ ಕಾಂಡ ಉಳಿಯುವುದು ಕಷ್ಟ.