ಕಡಿಮೆ ಹಣದಲ್ಲಿ ಪೆಲೆಟ್ ಗ್ರಿಲ್: ನಾನು ಬಳಸಿ ನೋಡಿದ ಮೂರು ದಾರಿಗಳು

ಒತ್ತಿ ಮಾಡಿದ ಮರದ ಹೊಟ್ಟಿನ ತುಂಡುಗಳನ್ನು (ಪೆಲೆಟ್) ಉರಿಸಿ, ಅವುಗಳ ಕಾವು ಮತ್ತು ಹೊಗೆಯಲ್ಲಿ ಆಹಾರ ಬೇಯಿಸುವ ಪೆಲೆಟ್ ಗ್ರಿಲ್ ಕೊಳ್ಳಬೇಕೆಂದು ತೀರ್ಮಾನಿಸಿದಾಗ ನನ್ನ ಕೈಯಲ್ಲಿದ್ದ ಹಣಕ್ಕೆ ಮೂರು ದಾರಿಗಳಿದ್ದವು. ಮೇಜಿನ ಮೇಲೆ ಇಟ್ಟುಕೊಳ್ಳಬಹುದಾದ ಹೊಸ ಚಿಕ್ಕ ಗ್ರಿಲ್ ಒಂದು. ಹೆಚ್ಚುಕಡಿಮೆ ಅಷ್ಟೇ ಹಣಕ್ಕೆ, ಯಾರೋ ಏಳೆಂಟು ವರ್ಷ ಬಳಸಿ ಮಾರುತ್ತಿದ್ದ ಪೀಪಾಯಿ ಆಕಾರದ ದೊಡ್ಡ ಗ್ರಿಲ್ ಇನ್ನೊಂದು. ಪೆಲೆಟ್ ಗ್ರಿಲ್ಲನ್ನೇ ಕೊಳ್ಳದೆ, ಮನೆಯಲ್ಲಿ ಆಗಲೇ ಇದ್ದ ಮುಚ್ಚಳದ ಗ್ಯಾಸ್ ಗ್ರಿಲ್ಲಿನೊಳಗೆ ಪೆಲೆಟ್ ತುಂಬಿದ ತೂತುಗಳ ಕೊಳವೆಯೊಂದನ್ನು ಇಟ್ಟು ಹೊಗೆ ಹಿಡಿಸುವುದು ಮೂರನೆಯ ದಾರಿ. ಮೊದಲನೆಯದನ್ನು ಸ್ನೇಹಿತರೊಬ್ಬರಿಂದ ಎರಡು ತಿಂಗಳ ಮಟ್ಟಿಗೆ ಕೇಳಿ ತಂದೆ, ಎರಡನೆಯದನ್ನು ಕೊಂಡೆ, ಕೊಳವೆ ತೀರಾ ಅಗ್ಗವಾದ್ದರಿಂದ ಅದನ್ನೂ ತಂದೆ. ಒಂದೇ ಚೀಲದ ಪೆಲೆಟ್, ಒಂದೇ ತೂಕದ ಮಾಂಸ, ಅವೇ ಮೂರು ಥರ್ಮಾಮೀಟರುಗಳನ್ನು ಬಳಸಿ ಮೂರನ್ನೂ ಹೋಲಿಸಿದ್ದೇನೆ.

ಹೋಲಿಕೆಗೆ ಮೊದಲು ಈ ಯಂತ್ರ ಕೆಲಸ ಮಾಡುವ ಬಗೆಯನ್ನು ಸ್ವಲ್ಪ ಹೇಳಲೇಬೇಕು, ಏಕೆಂದರೆ ಹಣವನ್ನು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು ಎನ್ನುವುದು ಅದರಿಂದಲೇ ತಿಳಿಯುತ್ತದೆ. ಮರದ ಹೊಟ್ಟನ್ನು ಭಾರಿ ಒತ್ತಡದಲ್ಲಿ ಒತ್ತಿ ಮಾಡಿದ, ಸುಮಾರು 6 ಮಿ.ಮೀ. ದಪ್ಪದ ತುಂಡುಗಳೇ ಪೆಲೆಟ್‌ಗಳು. ಅವು ಪಕ್ಕದ ಹಾಪರಿನಲ್ಲಿ, ಅಂದರೆ ಪೆಲೆಟ್ ತುಂಬಿಡುವ ಪೆಟ್ಟಿಗೆಯಲ್ಲಿ, ಇರುತ್ತವೆ. ನಿಧಾನವಾಗಿ ತಿರುಗುವ ಉದ್ದನೆಯ ಸ್ಕ್ರೂ ಒಂದು ಅವನ್ನು ಸ್ವಲ್ಪಸ್ವಲ್ಪವಾಗಿ ನೂಕಿಕೊಂಡು ಹೋಗಿ ಗ್ರಿಲ್ಲಿನ ತಳದಲ್ಲಿರುವ ಬೆಂಕಿಬಟ್ಟಲಿಗೆ ಬೀಳಿಸುತ್ತದೆ. ಅಲ್ಲಿ ವಿದ್ಯುತ್ತಿನಿಂದ ಕೆಂಪಗಾಗುವ ಕಡ್ಡಿಯೊಂದು ಮೊದಲ ಕಿಚ್ಚು ಹೊತ್ತಿಸುತ್ತದೆ, ಚಿಕ್ಕ ಫ್ಯಾನ್ ಗಾಳಿ ಊದುತ್ತದೆ. ಬಟ್ಟಲಿನ ಮೇಲಿರುವ ತಗಡಿನ ಹೊದಿಕೆಯೂ ಜಿಡ್ಡಿನ ತಟ್ಟೆಯೂ ಉರಿಯನ್ನು ಆಹಾರಕ್ಕೆ ನೇರವಾಗಿ ತಗುಲದಂತೆ ತಡೆದು, ಕಾವನ್ನು ಸುತ್ತಲೂ ಹರಡುತ್ತವೆ. ಕಾವನ್ನು ಅಳೆದು, ಸ್ಕ್ರೂ ಯಾವಾಗ ತಿರುಗಬೇಕು, ಯಾವಾಗ ನಿಲ್ಲಬೇಕು ಎಂದು ನಿರ್ಧರಿಸುವುದು ಕಂಟ್ರೋಲರ್.

ಅಮೆರಿಕದ ಒರೆಗಾನ್ ರಾಜ್ಯದ ಜೋ ಟ್ರೇಗರ್ ಇಂಥ ಗ್ರಿಲ್ಲಿಗೆ 1986ರಲ್ಲಿ ಪೇಟೆಂಟ್ ಪಡೆದರು. ಅದರ ಅವಧಿ 2006ರಲ್ಲಿ ಮುಗಿದ ಮೇಲೆ ಬೇರೆ ತಯಾರಕರೂ ಕ್ಷೇತ್ರಕ್ಕೆ ಇಳಿದರು. ನಮ್ಮಂತಹ ಕಡಿಮೆ ಹಣದವರ ಕೈಗೆ ಪೆಲೆಟ್ ಗ್ರಿಲ್ ಎಟುಕಲು ಅದೇ ಕಾರಣ. ಬಳಸಿದ ಗ್ರಿಲ್ಲುಗಳು ಈಗ ಸಾಕಷ್ಟು ಸಿಗುವುದಕ್ಕೂ ಅದೇ ಕಾರಣ.

ಮೇಲೆ ಹೇಳಿದ ಭಾಗಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮೋಟಾರು, ಫ್ಯಾನು, ಉರಿಸುವ ಕಡ್ಡಿ, ಕಾವಿನ ಸೆನ್ಸರ್, ಕಂಟ್ರೋಲರ್, ಇವೆಲ್ಲವನ್ನೂ ಬಿಡಿಬಿಡಿಯಾಗಿ ಬದಲಾಯಿಸಬಹುದು. ಬದಲಾಯಿಸಲು ಬಾರದ್ದು ಒಂದೇ, ಗ್ರಿಲ್ಲಿನ ಮೈ. ತಗಡಿನ ದಪ್ಪ, ಮುಚ್ಚಳ ಕೂರುವ ರೀತಿ, ಹಾಪರಿನ ಬೆಸುಗೆ, ಇವು ಕೊಂಡ ದಿನ ಹೇಗಿವೆಯೋ ಕೊನೆಯವರೆಗೂ ಹಾಗೇ ಇರುತ್ತವೆ. ಆದರೆ ಕಡಿಮೆ ಬೆಲೆಯ ಹೊಸ ಗ್ರಿಲ್ಲುಗಳಲ್ಲಿ ತಯಾರಕರು ಉಳಿತಾಯ ಮಾಡುವುದು ಹೆಚ್ಚಾಗಿ ಈ ಮೈಯಲ್ಲೇ, ಜಾಹೀರಾತಿನಲ್ಲಿ ಮುಂದೆ ಮಾಡುವುದು ಮೊಬೈಲಿಗೆ ಜೋಡಿಸಬಹುದಾದ ಕಂಟ್ರೋಲರನ್ನು.

ಮೊದಲು ಖಾಲಿ ಗ್ರಿಲ್ಲಿನ ಕಾವನ್ನೇ ಪರೀಕ್ಷಿಸಿದೆ. ಗಾಳಿಯಿಲ್ಲದ ಸಂಜೆ, 110 ಡಿಗ್ರಿ ಸೆಲ್ಸಿಯಸ್‌ಗೆ ಇಟ್ಟು, ಎಡ, ನಡು, ಬಲದಲ್ಲಿ ಒಂದೊಂದು ಥರ್ಮಾಮೀಟರ್ ಇರಿಸಿ ಎರಡು ಗಂಟೆ ಕಾದೆ. ಹೊಸ ಚಿಕ್ಕ ಗ್ರಿಲ್ ಇದರಲ್ಲಿ ಸ್ಪಷ್ಟವಾಗಿ ಗೆದ್ದಿತು. ಅದರಲ್ಲಿರುವುದು ಪಿಐಡಿ ಕಂಟ್ರೋಲರ್. ಕಾವು ಎಷ್ಟು ಕಡಿಮೆಯಿದೆ, ಎಷ್ಟು ವೇಗವಾಗಿ ಏರುತ್ತಿದೆ ಎನ್ನುವುದನ್ನು ಸದಾ ಲೆಕ್ಕ ಹಾಕಿ ಅದು ಪೆಲೆಟ್ ಬೀಳಿಸುತ್ತದೆ. ಎರಡು ಗಂಟೆಯುದ್ದಕ್ಕೂ ನಡುವಿನ ಕಾವು 4–5 ಡಿಗ್ರಿಗಿಂತ ಹೆಚ್ಚು ಆಚೀಚೆ ಆಗಲಿಲ್ಲ. ಹಳೆಯ ದೊಡ್ಡ ಗ್ರಿಲ್ಲಿನಲ್ಲಿದ್ದುದು ಸಮಯಕ್ಕೆ ತಕ್ಕಂತೆ ನಡೆಯುವ ಕಂಟ್ರೋಲರ್, ಇಷ್ಟು ಸೆಕೆಂಡು ಸ್ಕ್ರೂ ತಿರುಗಿಸು, ಇಷ್ಟು ಸೆಕೆಂಡು ನಿಲ್ಲಿಸು ಎಂಬಷ್ಟೇ ಅದರ ಲೆಕ್ಕ. ಅದರ ಕಾವು 96ಕ್ಕೆ ಇಳಿದು 128ಕ್ಕೆ ಏರಿ ಮತ್ತೆ ಇಳಿಯುತ್ತಿತ್ತು, ಜೊತೆಗೆ ಹೊಗೆ ಹೊರಹೋಗುವ ಚಿಮಣಿ ಇರುವ ಬಲಬದಿ ಎಡಬದಿಗಿಂತ ಸುಮಾರು 12 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತಿತ್ತು. ಗ್ಯಾಸ್ ಗ್ರಿಲ್ಲಿನಲ್ಲಿ ಒಂದೇ ಬರ್ನರನ್ನು ಅತ್ಯಂತ ಸಣ್ಣಗೆ ಉರಿಸಿದರೂ ಕಾವು 135ಕ್ಕಿಂತ ಕೆಳಗೆ ಇಳಿಯಲೇ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಚಿಕ್ಕದನ್ನೇ ಕೊಳ್ಳಿ ಎನ್ನುತ್ತಿದ್ದೆ. ಆದರೆ ಮರುವಾರ ಗಾಳಿ ಬೀಸುತ್ತಿದ್ದ ಸಂಜೆ ಅದೇ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಚಿತ್ರ ಬದಲಾಯಿತು. ಹಾಪರಿಗೆ ಹಾಕುವ ಮೊದಲೂ ಕೆಲಸ ಮುಗಿದ ಮೇಲೂ ಪೆಲೆಟ್ ತೂಗಿ ನೋಡಿದೆ. ಗಾಳಿಯಿಲ್ಲದಾಗ ಗಂಟೆಗೆ ಅರ್ಧ ಕಿಲೋ ತಿನ್ನುತ್ತಿದ್ದ ಚಿಕ್ಕ ಗ್ರಿಲ್ ಈಗ ಮುಕ್ಕಾಲು ಕಿಲೋ ತಿಂದಿತು. ದೊಡ್ಡದರ ಖರ್ಚು ಗಂಟೆಗೆ ಸುಮಾರು 700 ಗ್ರಾಮಿನಿಂದ 850ಕ್ಕೆ ಏರಿತು, ಅಷ್ಟೆ. ಮುಚ್ಚಳವನ್ನು ಒಂದು ನಿಮಿಷ ತೆರೆದು ಮುಚ್ಚಿದರೆ ದೊಡ್ಡದು ಆರೇಳು ನಿಮಿಷಗಳಲ್ಲಿ ಮತ್ತೆ ಹದಕ್ಕೆ ಬರುತ್ತಿತ್ತು, ಚಿಕ್ಕದಕ್ಕೆ ಹನ್ನೆರಡು ನಿಮಿಷ ಬೇಕಾಯಿತು. ದಪ್ಪ ತಗಡು ತನ್ನೊಳಗೆ ಹಿಡಿದಿಟ್ಟುಕೊಂಡ ಕಾವನ್ನು ಹಿಂದಕ್ಕೆ ಕೊಡುತ್ತದೆ. ತೆಳು ತಗಡಿನಲ್ಲಿ ಹಾಗೆ ಕೊಡಲು ಏನೂ ಉಳಿದಿರುವುದಿಲ್ಲ, ಎಷ್ಟು ಜಾಣ ಕಂಟ್ರೋಲರ್ ಆದರೂ ಅದು ಇನ್ನಷ್ಟು ಪೆಲೆಟ್ ಸುಡಬೇಕಾಗುತ್ತದೆ. ಪೆಲೆಟ್ ಪ್ರತಿ ಸಲವೂ ಕೊಳ್ಳಬೇಕಾದ ವಸ್ತುವಾದ್ದರಿಂದ ಕಡಿಮೆ ಹಣದವರು ಈ ಲೆಕ್ಕವನ್ನು ಮರೆಯಬಾರದು.

ಮುಚ್ಚಳ ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ನೋಡಲು ಒಂದು ತುಂಡು ಕಾಗದ ಸಾಕು. ಗ್ರಿಲ್ ತಣ್ಣಗಿದ್ದಾಗ ಕಾಗದದ ಪಟ್ಟಿಯನ್ನು ಅಂಚಿನ ಮೇಲಿಟ್ಟು ಮುಚ್ಚಳ ಹಾಕಿ ಎಳೆಯಬೇಕು. ಬಿಗಿಯಾಗಿ ಹಿಡಿದರೆ ಸರಿ, ಸರಕ್ಕನೆ ಬಂದರೆ ಅಲ್ಲಿ ಸಂದು ಇದೆ ಎಂದರ್ಥ. ಅಂಚಿನುದ್ದಕ್ಕೂ ಹನ್ನೆರಡು ಕಡೆ ಹೀಗೆ ಎಳೆದು ನೋಡಿದೆ. ಹಳೆಯದರಲ್ಲಿ ಮೂರು ಕಡೆ ಸಡಿಲವಿತ್ತು, ಹೊಸದರಲ್ಲಿ ಎಂಟು ಕಡೆ.

ಮಾಂಸದ ಪರೀಕ್ಷೆಗೆ ಎರಡೂವರೆ ಕಿಲೋದ ಹಂದಿಭುಜದ ತುಂಡುಗಳನ್ನು ತೆಗೆದುಕೊಂಡೆ. ಒಳಗಿನ ಕಾವು 70 ಡಿಗ್ರಿಯ ಸುತ್ತ ಬಂದಾಗ ಮಾಂಸದ ಮೇಲ್ಮೈಯಿಂದ ನೀರು ಆವಿಯಾಗುತ್ತ ಅದನ್ನು ತಂಪು ಮಾಡುವುದರಿಂದ, ಏರಿಕೆ ಗಂಟೆಗಟ್ಟಲೆ ನಿಂತುಬಿಡುತ್ತದೆ. ಆಗ ಗಾಬರಿಯಾಗಿ ಉರಿ ಹೆಚ್ಚಿಸದೆ 93–95 ಡಿಗ್ರಿಯವರೆಗೆ ಕಾಯಬೇಕು. ಚಿಕ್ಕ ಗ್ರಿಲ್ಲಿನಲ್ಲಿ ಎಂಟೂವರೆ ಗಂಟೆ, ದೊಡ್ಡದರಲ್ಲಿ ಒಂಬತ್ತೂವರೆ, ಗ್ಯಾಸಿನಲ್ಲಿ ಏಳು ಗಂಟೆ ಹಿಡಿಯಿತು. ಚಿಕ್ಕದರಲ್ಲಿ ಜಿಡ್ಡಿನ ತಟ್ಟೆಯ ಅಂಚಿನಿಂದ ಮೇಲೇಳುವ ಬಿಸಿಗಾಳಿ ನೇರವಾಗಿ ತಾಗಿ, ಗೋಡೆಯ ಕಡೆಗಿದ್ದ ಭಾಗ ಎರಡು ಬೆರಳಗಲ ಒಣಗಿ ಗಟ್ಟಿಯಾಗಿತ್ತು. ಜಾಗ ಕಿರಿದಾದ್ದರಿಂದ ತುಂಡನ್ನು ಒಳಕ್ಕೆ ಸರಿಸುವಂತೆಯೂ ಇರಲಿಲ್ಲ. ದೊಡ್ಡದರಲ್ಲಿ ನಡುವೆ ಇಟ್ಟ ತುಂಡು ಎಲ್ಲ ಕಡೆಯೂ ಸಮನಾಗಿ ಬೆಂದಿತು. ಗ್ಯಾಸಿನದು ಒಂದು ಮಗ್ಗುಲು ಹೆಚ್ಚು ಬೆಂದಿದ್ದರೂ ತಿನ್ನಲು ಚೆನ್ನಾಗಿಯೇ ಇತ್ತು. 30 ಸೆಂ.ಮೀ. ಉದ್ದದ ಆ ಕೊಳವೆಯನ್ನು ಒಮ್ಮೆ ತುಂಬಿ ಹೊತ್ತಿಸಿದರೆ ನಾಲ್ಕು ಗಂಟೆ ಹೊಗೆಯಾಡುತ್ತದೆ, ಒಮ್ಮೆ ಮತ್ತೆ ತುಂಬಿದೆ.

ಹೊಗೆಯ ರುಚಿಯಲ್ಲಿ ಮಾತ್ರ ನಾನು ನಿರೀಕ್ಷಿಸದ ಫಲ ಬಂತು. ಕಾವಿನಲ್ಲಿ ಅಷ್ಟು ಏರಿಳಿತವಿದ್ದ ಹಳೆಯ ಗ್ರಿಲ್ಲಿನ ಮಾಂಸಕ್ಕೇ ಹೊಗೆ ಗಾಢವಾಗಿ ಹಿಡಿದಿತ್ತು, ಪಿಐಡಿ ಇದ್ದ ಹೊಸದರಲ್ಲಿ ಅದು ಎಲ್ಲಕ್ಕಿಂತ ತೆಳು. ಸ್ಕ್ರೂ ಹೆಚ್ಚು ಹೊತ್ತು ನಿಂತಾಗ ಬೆಂಕಿ ಕುಗ್ಗಿ ಕೆಂಡವಾಗುತ್ತದೆ, ಅದರ ಮೇಲೆ ಒಮ್ಮೆಲೇ ಬಿದ್ದ ಪೆಲೆಟ್ ಉರಿ ಹಿಡಿಯುವ ಮೊದಲು ಚೆನ್ನಾಗಿ ಹೊಗೆಯಾಡುತ್ತದೆ. ಪಿಐಡಿ ಒಂದೇ ಹದದಲ್ಲಿ ಉರಿಸುವುದರಿಂದ ಪೆಲೆಟ್ ಶುದ್ಧವಾಗಿ ಸುಟ್ಟು ಹೊಗೆ ಕಡಿಮೆಯಾಗುತ್ತದೆ. ಸ್ಥಿರವಾದ ಕಾವು ಮತ್ತು ಗಾಢವಾದ ಹೊಗೆ ಎರಡನ್ನೂ ಒಂದೇ ಕಂಟ್ರೋಲರಿನಿಂದ ಬಯಸುವವರಿಗೆ ನಿರಾಸೆಯಾಗುತ್ತದೆ.

ಹೆಚ್ಚು ಉರಿಯ ಅಡುಗೆಯ ಬಗ್ಗೆ ಹೇಳುವುದು ಕಡಿಮೆ. ಕೋಳಿಯ ಚರ್ಮ ಗರಿಗರಿಯಾಗಲು, ಮಾಂಸದ ಮೇಲ್ಮೈ ಕಂದುಗಟ್ಟಲು ಗ್ಯಾಸ್ ಗ್ರಿಲ್ಲೇ ಮೇಲು. ಪೆಲೆಟ್ ಗ್ರಿಲ್ಲುಗಳಲ್ಲಿ ಉರಿಗೂ ಆಹಾರಕ್ಕೂ ನಡುವೆ ತಗಡು ಇರುವುದರಿಂದ 230 ಡಿಗ್ರಿ ತೋರಿಸಿದರೂ ಅದು ಓವನ್ನಿನ ಕಾವೇ ಹೊರತು ಕೆಂಡದ ಕಾವಲ್ಲ. ವಾರಕ್ಕೊಮ್ಮೆ ತೆಳುವಾದ ತುಂಡುಗಳನ್ನಷ್ಟೇ ಸುಟ್ಟು ತಿನ್ನುವವರು ಪೆಲೆಟ್ ಗ್ರಿಲ್ಲಿಗೆ ಹಣ ಹಾಕುವುದೇ ಬೇಡ.

ಈಗ ಹಳೆಯದನ್ನು ಕೊಂಡ ವಿಷಯ. ಹೊತ್ತಿಕೊಳ್ಳುವುದಿಲ್ಲ ಎಂದು ಹೇಳಿಯೇ ಅದನ್ನು ನನಗೆ ಮಾರಿದ್ದರು. ಸ್ಕ್ರೂ ತಿರುಗುತ್ತಿತ್ತು, ಫ್ಯಾನ್ ಓಡುತ್ತಿತ್ತು, ಕಡ್ಡಿ ಮಾತ್ರ ಕೆಂಪಗಾಗುತ್ತಿರಲಿಲ್ಲ. ಈ ಯಂತ್ರಗಳಲ್ಲಿ ಬೇಗ ಸವೆಯುವ ಭಾಗವೇ ಅದು. ಪ್ಲಗ್ ಕಿತ್ತು, ಹಾಪರಿನ ಕೆಳಗಿನ ತಗಡು ಬಿಚ್ಚಿ, ಎರಡು ತಂತಿಗಳನ್ನು ಬಿಡಿಸಿ, ಬೆಂಕಿಬಟ್ಟಲಿನ ಬದಿಯ ಸಣ್ಣ ಸ್ಕ್ರೂ ಸಡಿಲಿಸಿದರೆ ಹಳೆಯ ಕಡ್ಡಿ ಕೈಗೆ ಬರುತ್ತದೆ. ಹೊಸದನ್ನು ಕೂರಿಸಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಕೊಳ್ಳುವ ಮುನ್ನ ನಾನು ಬೇರೆ ಕಡೆ ಕಣ್ಣಿಟ್ಟಿದ್ದೆ. ಬೆಂಕಿಬಟ್ಟಲಿನ ತಳ ಸುಟ್ಟು ತೂತಾಗಿದೆಯೇ, ಪೀಪಾಯಿಯ ಹೊಟ್ಟೆಯ ಒಳಭಾಗದಲ್ಲಿ ಜಿಡ್ಡಿನ ಕೆಳಗೆ ತುಕ್ಕು ತಿಂದಿದೆಯೇ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಗಟ್ಟಿ ಸದ್ದು ಬರುತ್ತದೆಯೇ ಎಂದು ನೋಡಿದೆ. ಇವು ಸರಿಯಿದ್ದರೆ ಉಳಿದ ದೋಷಗಳು ಬೆಲೆ ಇಳಿಸಲು ನೆರವಾಗುತ್ತವೆ.

ಮೊದಲ ವರ್ಷ ಹಳೆಯ ಕಂಟ್ರೋಲರಿನಲ್ಲೇ ಬೇಯಿಸಿದೆ. ಮರುವರ್ಷ ಸ್ವಲ್ಪ ಹಣ ಕೂಡಿದಾಗ, ಅದೇ ಕಿಂಡಿಗೆ ಹೊಂದುವ ಪಿಐಡಿ ಕಂಟ್ರೋಲರನ್ನೂ ಸೆನ್ಸರನ್ನೂ ತಂದು ಜೋಡಿಸಿದೆ. ಗ್ರಿಲ್ಲಿಗೆ ಕೊಟ್ಟಿದ್ದರ ಮೂರನೇ ಒಂದು ಪಾಲಿನಷ್ಟು ಖರ್ಚಾಯಿತು. ಅದೇ 110 ಡಿಗ್ರಿಯ ಪರೀಕ್ಷೆಯಲ್ಲಿ ಏರಿಳಿತ 6 ಡಿಗ್ರಿಯೊಳಗೆ ಬಂದಿತು. ಬಲ ಎಡಗಳ ವ್ಯತ್ಯಾಸ ಪೂರ್ತಿ ಹೋಗಲಿಲ್ಲ, ಅದು ಮೈಯ ಗುಣ. ಒಟ್ಟು ಖರ್ಚು ಚಿಕ್ಕ ಹೊಸ ಗ್ರಿಲ್ಲಿನ ಬೆಲೆಯನ್ನು ಮೀರಿತು ನಿಜ, ಆದರೆ ಅದನ್ನು ಎರಡು ಕಂತಿನಲ್ಲಿ, ನನ್ನ ಅನುಕೂಲ ನೋಡಿಕೊಂಡು ಮಾಡಿದೆ. ತೆಳು ತಗಡಿನ ಗ್ರಿಲ್ ಕೊಂಡವರಿಗೆ ಮುಂದಿನ ವರ್ಷ ಎಷ್ಟೇ ಹಣ ಕೂಡಿದರೂ ಅದರ ತಗಡನ್ನು ದಪ್ಪ ಮಾಡಲು ಬರುವುದಿಲ್ಲ.

ಯಾವುದನ್ನು ಕೊಂಡರೂ ಕೆಲವು ಎಚ್ಚರಗಳು ತಪ್ಪುವುದಿಲ್ಲ. ಅಡುಗೆಗೆಂದೇ ಮಾಡಿದ ಪೆಲೆಟ್ ಬಳಸಬೇಕು, ಕೋಣೆ ಬಿಸಿಮಾಡುವ ಒಲೆಗಳ ಪೆಲೆಟ್ ಅಗ್ಗವೆಂದು ತರಬಾರದು. ಒಳ್ಳೆಯ ಪೆಲೆಟ್ ಮುರಿದರೆ ಟಕ್ಕೆಂದು ಮುರಿಯುತ್ತದೆ, ತೇವ ಹಿಡಿದದ್ದು ಬೆರಳ ನಡುವೆ ಪುಡಿಯಾಗುತ್ತದೆ. ಒಮ್ಮೆ ಹಾಪರಿನ ಮುಚ್ಚಳದ ಸಂದಿನಿಂದ ಮಳೆನೀರು ಇಳಿದು, ಸ್ಕ್ರೂವಿನ ಕೊಳವೆಯಲ್ಲಿದ್ದ ಪೆಲೆಟ್ ಉಬ್ಬಿ, ಒಣಗಿದ ಮೇಲೆ ಗಾರೆಯಂತೆ ಗಟ್ಟಿಯಾಗಿತ್ತು. ಮೋಟಾರು ಗುಂಯ್ ಎನ್ನುತ್ತಿತ್ತೇ ಹೊರತು ಸ್ಕ್ರೂ ಕದಲಲಿಲ್ಲ. ಕಬ್ಬಿಣದ ಸರಳಿನಿಂದ ಕುಟ್ಟಿ ಕುಟ್ಟಿ ಬಿಡಿಸಲು ಇಡೀ ದಿನ ಬೇಕಾಯಿತು. ಅಂದಿನಿಂದ ಕೆಲಸ ಮುಗಿದ ಮೇಲೆ ಹಾಪರನ್ನು ಖಾಲಿ ಮಾಡಿ, ಪೆಲೆಟನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಡುತ್ತೇನೆ. ಎರಡು ಮೂರು ಅಡುಗೆಗೊಮ್ಮೆ ಬಟ್ಟಲಿನ ಬೂದಿ ತೆಗೆಯುತ್ತೇನೆ. ಬೂದಿ ತುಂಬಿದರೆ ಕಿಚ್ಚು ಹೊತ್ತದೆ ಪೆಲೆಟ್ ರಾಶಿ ಬೀಳುತ್ತದೆ, ಆಮೇಲೆ ಅದೆಲ್ಲ ಒಟ್ಟಿಗೆ ಭಗ್ಗೆಂದು ಹೊತ್ತಿಕೊಳ್ಳಬಹುದು. ಆರಿಸುವಾಗ ಪ್ಲಗ್ ಕೀಳದೆ ಫ್ಯಾನ್ ತಾನಾಗಿ ನಿಲ್ಲುವವರೆಗೆ ಬಿಡಬೇಕು, ಇಲ್ಲವಾದರೆ ಕಿಚ್ಚು ಸ್ಕ್ರೂವಿನ ಹಾದಿಯಲ್ಲಿ ಹಾಪರಿನ ಕಡೆಗೆ ಹಿಂದೆ ಸರಿಯುವ ಅಪಾಯವಿದೆ. ಇಂಗಾಲದ ಮಾನಾಕ್ಸೈಡ್ ತುಂಬಿಕೊಳ್ಳುವುದರಿಂದ ಇವನ್ನು ಯಾವ ಕಾರಣಕ್ಕೂ ಮನೆಯೊಳಗೆ ಹೊತ್ತಿಸಬಾರದು.

ದೊಡ್ಡ ಗ್ರಿಲ್ ಇಡಲು ಮಳೆ ತಾಗದ ಜಾಗವಿಲ್ಲದವರಿಗೆ, ಅಥವಾ ಆಗಾಗ ಗ್ರಿಲ್ಲನ್ನು ಹೊತ್ತುಕೊಂಡು ಹೋಗುವವರಿಗೆ ಚಿಕ್ಕದೇ ಸರಿ, ಗಾಳಿಗೆ ಮರೆಯೊಂದನ್ನು ಮಾಡಿಕೊಂಡರೆ ಅದರ ಹೊಟ್ಟೆಬಾಕತನವೂ ತಗ್ಗುತ್ತದೆ. ಹೊಗೆಯ ಅಡುಗೆ ತಮಗೆ ಹಿಡಿಸುತ್ತದೆಯೋ ಇಲ್ಲವೋ ಎಂದು ಇನ್ನೂ ತಿಳಿಯದವರು, ಮುಚ್ಚಳದ ಗ್ರಿಲ್ ಮನೆಯಲ್ಲಿದ್ದರೆ, ಮೊದಲು ಕೊಳವೆಯನ್ನಷ್ಟೇ ತಂದು ಕೆಲವು ತಿಂಗಳು ಬಳಸಿ ನೋಡಲಿ. ಆಮೇಲೆ ದೊಡ್ಡದನ್ನು ಕೊಂಡರೂ ಆ ಹಣ ವ್ಯರ್ಥವಾಗುವುದಿಲ್ಲ. ಪಿಐಡಿ ಜೋಡಿಸಿದ ಮೇಲೆ ನನ್ನ ದೊಡ್ಡ ಗ್ರಿಲ್ಲಿನ ಹೊಗೆ ತೆಳುವಾದಾಗ, ಅದೇ ಕೊಳವೆಯನ್ನು ತುಂಬಿ, ಒಂದು ತುದಿಗೆ ಕಿಚ್ಚು ಹಚ್ಚಿ, ಎಡ ಮೂಲೆಯಲ್ಲಿ ಮಲಗಿಸಿದೆ. ಹಳೆಯ ಕಂಟ್ರೋಲರಿನ ದಿನಗಳ ರುಚಿ ಪೂರ್ತಿ ಹಿಂದಕ್ಕೆ ಬಂತು, ಕಾವು ಮಾತ್ರ 110ರಲ್ಲೇ ನಿಂತಿತ್ತು.