ಕೇಪ್ ಪಾಯಿಂಟ್‌ಗೆ ಡ್ರೈವರ್ ಸಮೇತ ಬಾಡಿಗೆ ಕಾರು: ಬಬೂನ್ ದಾರಿಗೆ ದುಡ್ಡು ಕೊಟ್ಟದ್ದು ಸಾರ್ಥಕ

ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ ಡ್ರೈವರ್ ಸಮೇತ ದಿನದ ಬಾಡಿಗೆಗೆ ಕಾರು ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಊರಿನ ದಕ್ಷಿಣಕ್ಕೆ ಸಮುದ್ರಕ್ಕೆ ಚಾಚಿಕೊಂಡ ಕೇಪ್ ಪಾಯಿಂಟ್ ಎಂಬ ಭೂತುದಿಯನ್ನು ನೋಡಿಬರಲು ನಾವು ಹಿಡಿದದ್ದು ಅಂಥ ಒಂದು ಸಣ್ಣ ಸಂಸ್ಥೆಯ ಏಳು ಸೀಟಿನ ಗಾಡಿ, ಅಪ್ಪ ಅಮ್ಮ ಮಕ್ಕಳೆಲ್ಲ ಸೇರಿ. ಬಸ್ ಟೂರ್‌ಗಿಂತ ಖರ್ಚು ಜಾಸ್ತಿ. ಅಲ್ಲಿಯೂ ನಮ್ಮ ಹಾಗೇ ರಸ್ತೆಯ ಎಡಗಡೆ ಓಡಿಸುತ್ತಾರೆ, ನೀವೇ ಓಡಿಸಿಕೊಂಡು ಹೋಗಬಹುದಿತ್ತಲ್ವಾ ಅಂತ ಸ್ನೇಹಿತರು ಕೇಳಿದರು. ಹೋಗಬಹುದಿತ್ತು. ಆದರೆ ಆ ದಾರಿಯಲ್ಲಿ ಸಿಗುವ ಬಬೂನ್‌ಗಳ, ಅಂದರೆ ಆಫ್ರಿಕಾದ ದೊಡ್ಡ ಕೋತಿಗಳ ವಿಷಯ ಗೊತ್ತಿರುವವರು ಸ್ಟೀರಿಂಗ್ ಹಿಂದೆ ಇದ್ದದ್ದು ಎಷ್ಟು ಒಳ್ಳೆಯದಾಯಿತು ಅಂತ ಈಗ ಅನ್ನಿಸುತ್ತದೆ.

ಅಲ್ಲಿರುವುದು ಚಕ್ಮಾ ಬಬೂನ್. ನಂದಿ ಬೆಟ್ಟದಲ್ಲಿ ಚಿಪ್ಸ್ ಪೊಟ್ಟಣ ಕಿತ್ತುಕೊಳ್ಳುವ ಕೋತಿ ನೋಡಿದವರು ಇದನ್ನೂ ಅದೇ ಲೆಕ್ಕಕ್ಕೆ ಹಾಕಬೇಡಿ. ನಮ್ಮ ಕೋತಿ ಹತ್ತು ಕೆಜಿ ದಾಟುವುದೇ ಅಪರೂಪ, ಇಲ್ಲಿನ ಗಂಡು 30 ಕೆಜಿಗೂ ಮೇಲೆ ಬೆಳೆಯುತ್ತದೆ. ನಾಯಿಯಂಥ ಉದ್ದ ಮೂತಿ. ಅದು ಆಕಳಿಸಿದ ಹಾಗೆ ಬಾಯಿ ತೆರೆದರೆ ಕೋರೆಹಲ್ಲು ಕಾಣುತ್ತದೆ, ಅದು ನಿದ್ದೆ ಬಂದು ಅಲ್ಲ, ದೂರ ಇರು ಅಂತ ಹೇಳುವ ರೀತಿ.

ಹೊರಡುವ ಮೊದಲೇ ಡ್ರೈವರ್ ನಮ್ಮ ತಿಂಡಿಯನ್ನೆಲ್ಲ, ಅಂದರೆ ಚಕ್ಕುಲಿ, ಚಪಾತಿ, ಬಾಳೆಹಣ್ಣು ಎಲ್ಲ ಮುಚ್ಚಳದ ಡಬ್ಬಿಗೆ ಹಾಕಿಸಿ ಡಿಕ್ಕಿಗೆ ಸೇರಿಸಿದರು. ಸೀಟಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲವೂ ಕಾಣಬಾರದು. ಮಕ್ಕಳು ಮುಖ ಊದಿಸಿಕೊಂಡರು, ಏನೂ ಮಾಡುವ ಹಾಗಿರಲಿಲ್ಲ. ಹೋಗುವಾಗ ಚಾಪ್‌ಮನ್ಸ್ ಪೀಕ್ ರಸ್ತೆ, ಒಂಬತ್ತು ಕಿಲೋಮೀಟರಿಗೆ 114 ತಿರುವು, ಕೆಳಗೆ ಸಮುದ್ರ. ಟೋಲ್ ಅವರ ಲೆಕ್ಕದಲ್ಲೇ ಇತ್ತು, ಕೇಪ್ ಪಾಯಿಂಟ್ ಪಾರ್ಕಿನ ಟಿಕೆಟ್ ಮಾತ್ರ ನಮ್ಮದು. ಆಫ್ರಿಕಾದ ದಕ್ಷಿಣ ತುದಿ ಇದೇ ಅಂದುಕೊಂಡು ಹೋಗುವವರಿಗೆ ಒಂದು ಮಾತು, ನಿಜವಾದ ತುದಿ ಇನ್ನೂ ಆಗ್ನೇಯಕ್ಕೆ, ಕೇಪ್ ಅಗುಲ್ಹಾಸ್‌ನಲ್ಲಿದೆ.

ವಾಪಸ್ ಬರುವಾಗ, ಸ್ಮಿಟ್ಸ್‌ವಿಂಕಲ್ ಕೊಲ್ಲಿಯ ಮೇಲಿನ ರಸ್ತೆಯಲ್ಲಿ ಇಡೀ ಹಿಂಡೇ ಸಿಕ್ಕಿತು. ಡ್ರೈವರ್ ದೂರದಿಂದಲೇ ವೇಗ ಇಳಿಸಿ, ಗಾಜು ಏರಿಸಿ, ಬಾಗಿಲೆಲ್ಲ ಲಾಕ್ ಮಾಡಿ, ಆಮೇಲೆ ನಿಂತರು. ಬಾಗಿಲ ಹಿಡಿ ಎಳೆದು ತೆರೆಯುವುದು ಇವಕ್ಕೆ ಚೆನ್ನಾಗಿ ಗೊತ್ತಂತೆ. ಸುಮ್ನೆ ಕೂತು ನೋಡಿದೆವು. ಎಳೆಮರಿಗಳು ಹೊಟ್ಟೆಗೆ ಅಂಟಿಕೊಂಡಿದ್ದವು, ಸ್ವಲ್ಪ ದೊಡ್ಡವು ತಾಯಿಯ ಬೆನ್ನೇರಿ ಕೂತಿದ್ದವು. ಒಂದು ಗಂಡು ನಮ್ಮ ಬಾನೆಟ್ ಪಕ್ಕದಲ್ಲೇ ಹಾದು, ಒಮ್ಮೆಯೂ ನಮ್ಮ ಕಡೆ ತಿರುಗದೆ ಇಳಿಜಾರಿನ ಪೊದೆಗೆ ಹೋಗಿ ಗೆಡ್ಡೆ ಅಗೆಯತೊಡಗಿತು. ನೀರು ಇಳಿದಾಗ ಇವು ಕಡಲ ದಂಡೆಗೂ ಹೋಗಿ ಬಂಡೆಗೆ ಅಂಟಿದ ಚಿಪ್ಪುಗಳನ್ನು ಕಿತ್ತು ತಿನ್ನುತ್ತವೆ ಅಂತ ಡ್ರೈವರ್ ತೋರಿಸಿ ಹೇಳಿದರು. ನನಗೆ ಆ ದಿನದ ಅತ್ಯಂತ ಚಂದದ ಹೊತ್ತು ಅದು, ಅವತ್ತೇ ನೋಡಿದ ಪೆಂಗ್ವಿನ್‌ಗಿಂತಲೂ.

ಅಮ್ಮನಿಗೆ ತಡೆಯಲಾಗಲಿಲ್ಲ. "ಪಾಪ, ಮರಿ ಎತ್ತಿಕೊಂಡಿದೆ ಕಣೋ, ಒಂದು ಬಾಳೆಹಣ್ಣು ಕೊಟ್ಟರೆ ಏನಾಗುತ್ತೆ?" ನಮ್ಮಲ್ಲಿ ಹನುಮಂತ ಅಂತ ಕೈಮುಗಿದು ಹಣ್ಣು ಕೊಟ್ಟು ಬೆಳೆದವರಲ್ವಾ. ಆಗ ಡ್ರೈವರ್ ಫ್ರೆಡ್ ಕಥೆ ಹೇಳಿದರು. ಇದೇ ರಸ್ತೆಯಲ್ಲಿ ಕಾರುಗಳಿಗೆ ನುಗ್ಗಿ ತಿಂಡಿ ದೋಚುವುದರಲ್ಲಿ ಹೆಸರಾಗಿದ್ದ ಗಂಡು ಬಬೂನ್ ಅದು. ಕೊನೆಗೆ ಜನರ ಮೇಲೇ ಬೀಳತೊಡಗಿತು, 2011ರಲ್ಲಿ ಅಧಿಕಾರಿಗಳು ಹಿಡಿದು ಕೊಂದರು. ತಿಂಡಿ ಕೊಟ್ಟು ರುಚಿ ಹತ್ತಿಸಿದವರು ಊರಿಗೆ ಹೋದರು, ಪ್ರಾಣ ಹೋದದ್ದು ಅದರದ್ದು. ಅಮ್ಮ ಆಮೇಲೆ ಹಣ್ಣಿನ ಮಾತೇ ಎತ್ತಲಿಲ್ಲ. ಬಬೂನ್‌ಗೆ ತಿನ್ನಿಸುವುದು ಅಲ್ಲಿ ಕಾನೂನಿಗೂ ವಿರುದ್ಧ.

ಸ್ವಲ್ಪ ಮುಂದೆ ಇನ್ನೊಂದು ಟೂರ್ ವ್ಯಾನ್ ನಿಂತಿತ್ತು. ಬಾಗಿಲು ತೆರೆದೇ ಇತ್ತು, ಜನ ಕೆಳಗಿಳಿದು ಬಿಸ್ಕತ್ ಹಿಡಿದು ಸೆಲ್ಫಿ ತೆಗೆಯುತ್ತಿದ್ದರು, ಅವರ ಡ್ರೈವರ್ ಫೋನಿನಲ್ಲಿದ್ದ. ನೋಡಿ ಹೊಟ್ಟೆ ಉರಿಯಿತು. ನಮ್ಮ ಡ್ರೈವರ್ ಗಾಡಿ ನಿಧಾನ ಮಾಡಿ, ಗಾಜು ಒಂದಿಷ್ಟು ಇಳಿಸಿ, ಒಳಗೆ ಹೋಗಿ ಅಂತ ಗಟ್ಟಿಯಾಗಿ ಕೂಗಿಯೇ ಮುಂದೆ ಹೋದರು.

ಕೊರತೆ ಇಲ್ಲದೇ ಇಲ್ಲ. ಬೋಲ್ಡರ್ಸ್ ಎಂಬ ಕಡಲ ದಂಡೆಯಲ್ಲಿ ಪೆಂಗ್ವಿನ್ ನೋಡಲು ಕೊಟ್ಟ ಸಮಯ ಸಾಲಲಿಲ್ಲ. ಊಟಕ್ಕೆ ಕರೆದುಕೊಂಡು ಹೋದ ಕಡೆ ಸಸ್ಯಾಹಾರಿಗಳಿಗೆ ಆಲೂ ಫ್ರೈ, ಸಲಾಡ್ ಅಷ್ಟೇ. ಹಿಂದಿನ ಸೀಟಿಗೆ ಎಸಿ ಸರಿಯಾಗಿ ಬರುತ್ತಿರಲಿಲ್ಲ, ಅಪ್ಪ ದಾರಿಯುದ್ದಕ್ಕೂ ಗೊಣಗಿದರು. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ, ಆ ನಾಲ್ಕೂ ಡ್ರೈವರ್‌ಗೆ.

ನೀವು ಯಾರನ್ನೇ ಗೊತ್ತುಮಾಡಿ, ಬುಕ್ ಮಾಡುವಾಗಲೇ ಕೇಳಿ, ಬಬೂನ್ ಸಿಕ್ಕಿದರೆ ಇಳಿದು ತಿಂಡಿ ಹಾಕೋಕೆ ಬಿಡ್ತೀರಾ ಅಂತ. ಹೂಂ ಅಂದರೆ ಬೇರೆಯವರನ್ನು ಹುಡುಕಿ.