ಗಂಗೋತ್ರಿಯಲ್ಲಿ ನಾಲ್ಕು ದಿನ, ಧಾರವಾಡದಲ್ಲಿ ನಾಲ್ಕು ದಿನ

ನಮ್ಮೂರು ಹರಿಹರ. ತುಂಗಭದ್ರಾ ಹೊಳೆಯ ಈಚೆ ನಾವು, ಆಚೆ ರಾಣೆಬೆನ್ನೂರು ತಾಲ್ಲೂಕು. 1956ಕ್ಕೆ ಮುಂಚೆ ಈ ಹೊಳೆಯೇ ಗಡಿ. ಈಚೆ ಮೈಸೂರು, ಆಚೆ ಮುಂಬೈ. ಅದಕ್ಕೇ ಇರಬೇಕು, ಬಿ.ಎ. ಮುಗಿಯುವ ಹೊತ್ತಿಗೆ ಕನ್ನಡ ಎಂ.ಎ.ಗೆ ಎಲ್ಲಿ ಸೇರಿಸೋದು ಅನ್ನುವ ಮಾತು ಬಂದಾಗ ಮನೆಯಲ್ಲೇ ಎರಡು ಪಕ್ಷ ಆಯಿತು. ಅಪ್ಪ ಮೈಸೂರು ಅಂದರು. ಆಚೆ ದಡದಿಂದ ಮದುವೆಯಾಗಿ ಬಂದ ಅಮ್ಮ, "ಧಾರವಾಡ ಬಿಟ್ಟು ಅಷ್ಟು ದೂರ ಯಾಕೆ?" ಅಂದಳು. ಪಕ್ಕದಲ್ಲೇ ದಾವಣಗೆರೆ ವಿಶ್ವವಿದ್ಯಾಲಯ ಇದೆ, ಆದರೆ ನನಗೆ ಮನೆ ಬಿಟ್ಟು ಓದುವ ಆಸೆ.

ಜಗಳ ಬೇಡ, ನೋಡಿಯೇ ಬರೋಣ ಅಂತ ಹೊರಟೆ. ಎರಡೂ ಕಡೆ ಕಾಲೇಜಿನ ಸೀನಿಯರ್‌ಗಳಿದ್ದರು. ಅವರ ರೂಮಿನಲ್ಲಿ ನಾಲ್ಕು ನಾಲ್ಕು ದಿನ ಉಳಿದು, ಮೇಷ್ಟ್ರನ್ನು ಕೇಳಿ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತೆ.

ಮೊದಲು ಮೈಸೂರು. ಅಲ್ಲಿನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿಗೆ ಮಾನಸಗಂಗೋತ್ರಿ ಅಂತ ಹೆಸರಿಟ್ಟವರು ಕುವೆಂಪು. ಹುಡುಗರ ಬಾಯಲ್ಲಿ ಬರೀ "ಗಂಗೋತ್ರಿ". ಒಂದು ಮಗ್ಗುಲಿಗೆ ಕುಕ್ಕರಹಳ್ಳಿ ಕೆರೆ. ಬೆಳಿಗ್ಗೆ ಆರಕ್ಕೆ ಏರಿ ಮೇಲೆ ನಡೆದರೆ ಹೆಜ್ಜಾರ್ಲೆ ಹಕ್ಕಿಗಳು ದೋಣಿಗಳ ಹಾಗೆ ತೇಲುತ್ತಿರುತ್ತವೆ. ಮೊದಲನೇ ದಿನವೇ ನಾನು ಅರ್ಧ ಸೋತುಹೋದೆ. ಕೆರೆ ನೋಡಿ ಕಾಲೇಜು ಆರಿಸಬಾರದು ಅಂತ ಸೀನಿಯರ್ ಬೈದ, ಆದರೆ ಅವನೂ ಹಾಗೇ ಆರಿಸಿದ್ದು ಅಂತ ಆಮೇಲೆ ಗೊತ್ತಾಯಿತು.

ಧಾರವಾಡದ್ದು ಬೇರೆಯೇ ಚೆಲುವು. ಕರ್ನಾಟಕ ವಿಶ್ವವಿದ್ಯಾಲಯ ಇರೋದು ಗುಡ್ಡದ ಮೇಲೆ. ಜಾಗದ ಹೆಸರು ಛೋಟಾ ಮಹಾಬಳೇಶ್ವರ. ಜ್ಯುಬಿಲಿ ಸರ್ಕಲ್‌ನಿಂದ ಸಿಟಿ ಬಸ್ಸಿನಲ್ಲಿ ಹೋದೆ. ಇಳಿದದ್ದೇ ಜಿಟಿಜಿಟಿ ಮಳೆ, ಕೆಂಪು ಮಣ್ಣು, ಕಲ್ಲಿನ ದೊಡ್ಡ ಕಟ್ಟಡ. ಚಪ್ಪಲಿಗೆ ಹತ್ತಿದ ಕೆಂಪು ಊರಿಗೆ ಬಂದ ಮೇಲೂ ಹೋಗಲಿಲ್ಲ.

ವಯಸ್ಸಿನಲ್ಲಿ ಮೈಸೂರು ದೊಡ್ಡಣ್ಣ, 1916ರದ್ದು. ಧಾರವಾಡದ್ದು 1949. ಅಲ್ಲಿಯವರೆಗೆ ಆಚೆ ದಡದ ಕಾಲೇಜುಗಳೆಲ್ಲ ಮುಂಬೈ ವಿಶ್ವವಿದ್ಯಾಲಯದ ಕೈಕೆಳಗೆ. ಆದರೆ ಎಂ.ಎ. ಮಾಡುವವನಿಗೆ ಈ ಲೆಕ್ಕದಿಂದ ಏನೂ ಆಗಬೇಕಿಲ್ಲ.

ಆಗಬೇಕಾದದ್ದು ಓದಿನ ಒಲವು. ನನಗೆ ಶಾಸನದ ಹುಚ್ಚು. ಹರಿಹರೇಶ್ವರ ಗುಡಿಯನ್ನು 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ. ಅಲ್ಲಿನ ಶಾಸನದ ಕಲ್ಲುಗಳಿಗೆ ಒರಗಿ ಬೆಳೆದವನು ನಾನು. ಒಂದಕ್ಷರ ಓದಲು ಬರುತ್ತಿರಲಿಲ್ಲ. ಮೈಸೂರಿನ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಸಂಪುಟಗಳನ್ನು ತಂದ ಜಾಗ. ಕನ್ನಡ ವಿಶ್ವಕೋಶ ಬಂದದ್ದೂ ಅಲ್ಲಿಂದಲೇ. ಇನ್ನು ಜಾನಪದ ಓದುವವರಿಗಂತೂ ಮೈಸೂರೇ ಸರಿ. ಧಾರವಾಡದಲ್ಲಿ 1939ರಲ್ಲಿ ಶುರುವಾದ ಕನ್ನಡ ಸಂಶೋಧನ ಸಂಸ್ಥೆ ಇದೆ, ಅದರದ್ದೇ ಮ್ಯೂಸಿಯಂ ಇದೆ. ಆರ್.ಸಿ. ಹಿರೇಮಠ, ಎಂ.ಎಂ. ಕಲಬುರ್ಗಿ ಪಾಠ ಮಾಡಿದ ವಿಭಾಗ ಅದು. ವಚನ ಮತ್ತು ಹಸ್ತಪ್ರತಿ ಹಿಡಿದು ಕೂರುವವರಿಗೆ ಬೇರೆ ಕಡೆ ಹುಡುಕುವ ಅಗತ್ಯವಿಲ್ಲ.

ಕಾಗದದ ಮೇಲೆ ಇಲ್ಲಿಗೆ ಸಮ ಸಮ, ಅಲ್ವಾ?

ಕ್ಲಾಸಿನ ಒಳಗೆ ನನಗಾದ ಅನುಭವ ಮಾತ್ರ ಸಮ ಇರಲಿಲ್ಲ. ಮೈಸೂರಿನಲ್ಲಿ ಕೇಳಿದ ಹಳಗನ್ನಡದ ಪಾಠ ಬಲು ಚೆನ್ನಾಗಿತ್ತು. ಒಂದು ಗಂಟೆ ಹೋದದ್ದೇ ತಿಳಿಯಲಿಲ್ಲ. ಸುಮ್ನೆ ಕೂತು ಕೇಳಿ ಎದ್ದು ಬಂದೆ. ಧಾರವಾಡದಲ್ಲಿ ಮೂರನೇ ದಿನ ಮೇಷ್ಟ್ರು ಕಣ್ಣಿಗೆ ಕಣ್ಣು ಕೊಟ್ಟು, "ಯಾವೂರ್ ತಮ್ಮಾ?" ಅಂದರು. ಹರಿಹರ ಅಂದೆ. "ಹಂಗಾರ ನಿಮ್ಮೂರ ಕಲ್ಲು ನೀನ ಓದ್ಬೇಕು, ಬಾ" ಅಂತ ಒಂದು ಶಾಸನದ ಪಡಿಯಚ್ಚು, ಅಂದರೆ ಕಲ್ಲಿನ ಅಕ್ಷರಗಳನ್ನು ಕಾಗದಕ್ಕೆ ಇಳಿಸಿದ ಪ್ರತಿ, ಮುಂದಿಟ್ಟರು. ನಾಲ್ಕು ಅಕ್ಷರಕ್ಕೆ ಹತ್ತು ನಿಮಿಷ ಒದ್ದಾಡಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮೈಸೂರಿನಲ್ಲಿ ನಾನು ಬೇರೆ ದಿನ ಹೋಗಿದ್ದರೆ ಅಲ್ಲೂ ಹೀಗೇ ಆಗುತ್ತಿತ್ತೇನೋ. ಆದರೆ ನಾನು ಹೋದದ್ದು ಆ ನಾಲ್ಕು ದಿನ.

ಮಾತಿನ ವಿಷಯದಲ್ಲಿ ಎರಡೂ ಕಡೆ ನಾನು ಪರಕೀಯನೇ. ಮೈಸೂರಿನ ಹುಡುಗರು "ಬಾರ್ಲಾ, ಉತ್ತರ ಕರ್ನಾಟಕ" ಅಂತ ಕರೆದರು. ಧಾರವಾಡದವರು ನನ್ನ ಮಾತು ಕೇಳಿ, "ನೀವು ಮೈಸೂರ್ ಕಡ್ಯಾವ್ರೇನ್ರಿ?" ಅಂದರು.

ಊಟಕ್ಕೆ ಎಲ್ಲೂ ತೊಂದರೆಯಿಲ್ಲ. ಮುದ್ದೆಯೂ ನಮ್ಮದೇ, ರೊಟ್ಟಿಯೂ ನಮ್ಮದೇ. ಧಾರವಾಡದ ಖಾನಾವಳಿಯಲ್ಲಿ ಶೇಂಗಾ ಚಟ್ನಿ, ಎಣಗಾಯಿ ಜೊತೆ ರೊಟ್ಟಿ ತಿಂದ ದಿನ ಅಮ್ಮನ ಪಕ್ಷ ಸ್ವಲ್ಪ ಜೋರಾಯಿತು ಅಷ್ಟೇ. ಎರಡರಲ್ಲಿ ಒಂದು ಕಡೆ ಹಾಸ್ಟೆಲ್‌ನಲ್ಲಿ ಎರಡು ದಿನ ನೀರಿರಲಿಲ್ಲ. ಯಾವ ಕಡೆ ಅಂತ ಹೇಳಲ್ಲ. ನೀವು ಹೋದಾಗ ಮೊದಲು ಬಾತ್‌ರೂಮಿನ ನಲ್ಲಿ ತಿರುಗಿಸಿ ನೋಡಿ.

ಕ್ಯಾಂಪಸ್ಸಿನ ಹೊರಗೆ ಮೈಸೂರು ಒಂದು ಕೈ ಮೇಲೆ. ನಡೆದು ಹೋಗುವ ದೂರದಲ್ಲಿ ಕಲಾಮಂದಿರ, ರಂಗಾಯಣ. ಸಂಜೆ ನಾಟಕ ನೋಡಿ ಕೆರೆ ಬದಿಯಲ್ಲೇ ರೂಮಿಗೆ ವಾಪಸ್ಸು. ಧಾರವಾಡದಲ್ಲೂ ರಂಗಾಯಣ ಇದೆ, 1890ರ ವಿದ್ಯಾವರ್ಧಕ ಸಂಘ ಇದೆ, ಸುಭಾಸ್ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆ ಪ್ರಕಾಶನದ ಅಟ್ಟ ಇದೆ. ಆದರೆ ಸಪ್ತಾಪುರದ ಕಡೆ ಹೋದರೆ ಕಣ್ಣಿಗೆ ಬೀಳೋದು ಕೋಚಿಂಗ್ ಬೋರ್ಡುಗಳೇ. ಕೆ.ಎ.ಎಸ್., ಪಿ.ಎಸ್.ಐ., ಎಫ್.ಡಿ.ಎ. ಚಹಾ ಅಂಗಡಿಯಲ್ಲೂ ಅದೇ ಮಾತು. ಪಂಪನ ಬಗ್ಗೆ ಬಾಯಿ ತೆರೆದರೆ ಪಕ್ಕದವನು, "ಇದು ಸಿಲಬಸ್ಸಿನಾಗ ಐತೇನು?" ಅನ್ನುತ್ತಾನೆ. ನನಗೆ ಇದು ಕಿರಿಕಿರಿ. ನೌಕರಿಯ ಗುರಿ ಇದ್ದವರಿಗೆ ಇದೇ ವರ.

ಮಧ್ಯೆ ಒಂದು ದಿನ ಶಂಕರಘಟ್ಟಕ್ಕೂ ಹೋಗಿದ್ದೆ. ಭದ್ರಾ ಡ್ಯಾಂ ಹತ್ತಿರ, ಕಾಡಿನ ನೆರಳು. ಕುವೆಂಪು ವಿಶ್ವವಿದ್ಯಾಲಯ ಹುಟ್ಟಿದ್ದು 1987ರಲ್ಲಿ. ಪೇಟೆ ಗದ್ದಲ ಬೇಡ ಅನ್ನುವವರಿಗೆ ಹೇಳಿ ಮಾಡಿಸಿದ ಹಾಗಿದೆ. ನನಗೆ ಸಂಜೆ ಪುಸ್ತಕದ ಅಂಗಡಿ ಬೇಕು.

ಕೊನೆಗೆ ಧಾರವಾಡ ಸೇರಿದೆ. ಆ ಪಡಿಯಚ್ಚಿನ ಹತ್ತು ನಿಮಿಷ ಒಂದು ಕಾರಣ. ಭಾನುವಾರ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಯಲ್ಲಿರಬಹುದು ಅನ್ನೋದು ಇನ್ನೊಂದು. ಮೈಸೂರಿಗಾದರೆ ಹೋಗೋದೇ ಒಂದು ದಿನದ ಕೆಲಸ. ಅಪ್ಪ ಎರಡು ದಿನ ಮುಖ ಊದಿಸಿಕೊಂಡಿದ್ದರು.

ಈಗ ಎರಡನೇ ಸೆಮಿಸ್ಟರ್. ನಮ್ಮೂರ ಶಾಸನಗಳಿರೋದು ಎಪಿಗ್ರಾಫಿಯ ಕರ್ನಾಟಿಕದ ಹಳೆಯ 11ನೇ ಸಂಪುಟದಲ್ಲಿ. ಈ ಸಂಪುಟಗಳನ್ನು ಮೊದಲು ತಂದ ಬಿ.ಎಲ್. ರೈಸ್ ಸಾಹೇಬರ ಕಾಲದ್ದು, ಮೈಸೂರು ಸಂಸ್ಥಾನದವರು ಅಚ್ಚು ಹಾಕಿಸಿದ್ದು. ಅದನ್ನು ಧಾರವಾಡದಲ್ಲಿ ಕೂತು ಓದುತ್ತಿದ್ದೇನೆ. ಅಪ್ಪನಿಗೆ ಹೇಳಿದೆ. "ನೋಡಿದ್ಯಾ, ಪುಸ್ತಕ ನಮ್ಮ ಕಡೇದೇ" ಅಂದರು.